ಏಜೆಂಟ್ 'ಆಯಿತು' ಎನ್ನುತ್ತದೆ, ಸೀನ್‌ನಲ್ಲಿ ಏನೂ ಆಗಿರುವುದಿಲ್ಲ

ಪ್ರಶ್ನೆ: ನಮ್ಮದು ಬೆಂಗಳೂರಿನ ಒಂದು ಸಣ್ಣ ಗೇಮ್ ಸ್ಟುಡಿಯೊ. ಯೂನಿಟಿ ಎಂಬ ಗೇಮ್ ಎಂಜಿನ್‌ನಲ್ಲಿ ಮೊಬೈಲ್ ಗೇಮ್ ಮಾಡುತ್ತಿದ್ದೇವೆ. ಟೆಕ್ಸ್ಚರ್ (ವಸ್ತುಗಳ ಮೈಮೇಲೆ ಹೊದಿಸುವ ಚಿತ್ರ) ಗಾತ್ರ ಇಳಿಸುವುದು, ಪ್ರಿಫ್ಯಾಬ್‌ಗಳಿಗೆ (ಮತ್ತೆ ಮತ್ತೆ ಬಳಸುವ ಸಿದ್ಧ ಆಬ್ಜೆಕ್ಟ್‌ಗಳಿಗೆ) ಕೊಲೈಡರ್ (ಡಿಕ್ಕಿ ಗುರುತಿಸುವ ಗಡಿ) ಹಾಕುವುದು, ಸೀನ್ (ಆಟದ ಒಂದು ದೃಶ್ಯ) ತಪಾಸಣೆ ಮುಂತಾದ ನಲವತ್ತರಷ್ಟು ಕಮಾಂಡ್‌ಗಳನ್ನು ನಾವೇ ಬರೆದು ಎಡಿಟರ್ ಮೆನುವಿನಲ್ಲಿ ಇಟ್ಟುಕೊಂಡಿದ್ದೇವೆ. ಈಚೆಗೆ ಪೈಥಾನ್‌ನಲ್ಲಿ ಒಂದು ಎಂಸಿಪಿ ಸರ್ವರ್ (ಎಐಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ತಂತ್ರಾಂಶ) ಬರೆದು ಅವನ್ನೆಲ್ಲ ಎಐ ಏಜೆಂಟ್‌ನ ಕೈಗೆ ಕೊಟ್ಟೆವು. ಕೆಲವು ಸಲ ಚೆನ್ನಾಗಿ ನಡೆಯುತ್ತದೆ. ಕೆಲವು ಸಲ ಏಜೆಂಟ್ 'ಆಯಿತು' ಎನ್ನುತ್ತದೆ, ನೋಡಿದರೆ ಏನೂ ಆಗಿರುವುದಿಲ್ಲ. ಒಮ್ಮೆ ಬೇರೆಯದೇ ಪ್ರಿಫ್ಯಾಬ್ ಬದಲಾಯಿತು, ಇನ್ನೊಮ್ಮೆ ಒಂದೇ ಕೆಲಸ ಎರಡು ಸಲ ಆಯಿತು. ಏಜೆಂಟ್ ಸಿ ಶಾರ್ಪ್ ಕಡತ ಬರೆದ ಕೂಡಲೇ ಸಂಪರ್ಕ ಕಡಿದುಹೋಗುತ್ತದೆ. ಕನ್ನಡ ಹೆಸರಿನ ಆಬ್ಜೆಕ್ಟ್‌ಗಳು ಬಂದರೆ ಸಂದೇಶಗಳು ಒಡೆಯುತ್ತವೆ. ಇನ್ನೂ ಒಳ್ಳೆಯ ಮಾಡೆಲ್‌ಗೆ ಹೋಗಬೇಕೆ, ಅಥವಾ ಎಂಜಿನ್ನನ್ನೇ ಬದಲಿಸಬೇಕೆ?

ಉತ್ತರ: ಎರಡೂ ಬೇಡ. ನೀವು ಬರೆದಿರುವ ತೊಂದರೆಗಳಲ್ಲಿ ಮಾಡೆಲ್‌ನ ಜಾಣತನಕ್ಕೆ ಸಂಬಂಧಿಸಿದ್ದು ಒಂದೂ ಇಲ್ಲ. ಕೊನೆಯ ಎರಡು ನಿಮ್ಮ ಸರ್ವರ್ ಮತ್ತು ಎಡಿಟರ್ ನಡುವಿನ ಕೊಂಡಿಯವು. ಅವಕ್ಕೆ ಮದ್ದು ಸುಲಭ. ಉಳಿದವು ಆ ನಲವತ್ತು ಕಮಾಂಡ್‌ಗಳ ಒಳಗೇ ಇವೆ. ಪರದೆಯ ಮುಂದೆ ಕುಳಿತ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ನೀವು ಅವನ್ನು ಬರೆದಿದ್ದೀರಿ. ಆತ ಹೈರಾರ್ಕಿಯಲ್ಲಿ (ಸೀನ್‌ನ ಆಬ್ಜೆಕ್ಟ್‌ಗಳ ಪಟ್ಟಿಯಲ್ಲಿ) ಯಾವುದು ಆಯ್ಕೆಯಾಗಿದೆ ಎಂದು ನೋಡಿಕೊಳ್ಳುತ್ತಾನೆ, ಡೈಲಾಗ್ ಬಂದರೆ ಓದುತ್ತಾನೆ, ಕನ್ಸೋಲ್‌ನಲ್ಲಿ ಕೆಂಪು ಸಾಲು ಕಂಡರೆ ಕೈ ತಡೆಯುತ್ತಾನೆ. ಏಜೆಂಟ್‌ಗೆ ಇವು ಯಾವುವೂ ಕಾಣುವುದಿಲ್ಲ. ನಿಮ್ಮ ಕಮಾಂಡ್ ಏನನ್ನು ಹಿಂದಿರುಗಿಸುತ್ತದೆಯೋ ಅಷ್ಟೇ ಅದಕ್ಕೆ ಗೊತ್ತಿರುವ ಲೋಕ.

ಎಂಸಿಪಿ, ಅಂದರೆ ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್, ಈ ವಿಷಯದಲ್ಲಿ ನಿಮಗೆ ಸಹಾಯವನ್ನೂ ಮಾಡುವುದಿಲ್ಲ, ಅಡ್ಡಿಯನ್ನೂ ಮಾಡುವುದಿಲ್ಲ. ಅದು ಜೇಸನ್-ಆರ್‌ಪಿಸಿ 2.0 ಸಂದೇಶಗಳ ಒಂದು ಒಪ್ಪಂದ ಅಷ್ಟೆ. ಪ್ರತಿ ಟೂಲ್‌ಗೆ ಒಂದು ಹೆಸರು, ಒಂದು ವಿವರಣೆ, ಒಳಬರುವ ಮೌಲ್ಯಗಳ ಒಂದು ನಮೂನೆ ಇರುತ್ತವೆ. ಏಜೆಂಟ್ ವಿವರಣೆ ಓದಿ ಟೂಲ್ ಆರಿಸುತ್ತದೆ, ಮೌಲ್ಯ ತುಂಬುತ್ತದೆ, ಉತ್ತರಕ್ಕೆ ಕಾಯುತ್ತದೆ. ಆ ಉತ್ತರದಲ್ಲಿ ಏನಿರಬೇಕು ಎಂಬುದನ್ನು ಪ್ರೋಟೊಕಾಲ್ ತೀರ್ಮಾನಿಸುವುದಿಲ್ಲ, ನೀವು ತೀರ್ಮಾನಿಸಬೇಕು.

ಮೊದಲು ಸುಳ್ಳು 'ಆಯಿತು' ಎಲ್ಲಿಂದ ಬರುತ್ತದೆ ಎಂದು ನೋಡೋಣ. ನಿಮ್ಮ ಸರ್ವರ್ ಬಹುಶಃ ಯೂನಿಟಿಯ ಎಡಿಟರ್‌ಅಪ್ಲಿಕೇಶನ್ ಕ್ಲಾಸ್‌ನಲ್ಲಿರುವ ಎಕ್ಸಿಕ್ಯೂಟ್‌ಮೆನುಐಟಂ ಎಂಬ ಮೆಥಡ್ ಕರೆಯುತ್ತಿದೆ. ಮೆನುವಿನ ಹಾದಿಯನ್ನು ಅಕ್ಷರಗಳಲ್ಲಿ ಕೊಟ್ಟರೆ ಅದು ಆ ಕಮಾಂಡ್ ಓಡಿಸಿ ಟ್ರೂ ಅಥವಾ ಫಾಲ್ಸ್ ಹಿಂದಿರುಗಿಸುತ್ತದೆ. ಆ ಟ್ರೂ ಹೇಳುವುದು ಮೆನು ಸಿಕ್ಕಿತು, ಓಡಿತು ಎಂದು ಮಾತ್ರ. ನಿಮ್ಮ ಕೊಲೈಡರ್ ಕಮಾಂಡ್‌ನ ಮೊದಲ ಸಾಲಿನಲ್ಲಿ 'ಏನೂ ಆಯ್ಕೆಯಾಗಿಲ್ಲದಿದ್ದರೆ ಹಿಂದಿರುಗು' ಎಂದಿದೆ ಅಂದುಕೊಳ್ಳಿ. ಇಂಥ ಸಾಲು ಎಲ್ಲರ ಎಡಿಟರ್ ಕೋಡ್‌ನಲ್ಲೂ ಇರುತ್ತದೆ. ಆಯ್ಕೆ ಖಾಲಿಯಾಗಿದ್ದರೆ ಕಮಾಂಡ್ ಸದ್ದಿಲ್ಲದೆ ಹೊರಬರುತ್ತದೆ, ಮೆನು ಟ್ರೂ ಎನ್ನುತ್ತದೆ, ಏಜೆಂಟ್ ಪ್ರಾಮಾಣಿಕವಾಗಿಯೇ 'ಆಯಿತು' ಎಂದು ವರದಿ ಮಾಡುತ್ತದೆ. ಸುಳ್ಳು ಹೇಳಿದ್ದು ನಿಮ್ಮ ಮೆಥಡ್.

ತಪ್ಪು ಪ್ರಿಫ್ಯಾಬ್‌ನ ಕಥೆಯೂ ಆಯ್ಕೆಯದ್ದೇ ಇರಬೇಕು. ಏಜೆಂಟ್ ಒಂದು ಟೂಲ್‌ನಿಂದ ಪ್ರಿಫ್ಯಾಬ್ ಆರಿಸುತ್ತದೆ, ಮುಂದಿನ ಕರೆಯಲ್ಲಿ ಮೆನು ಓಡಿಸುತ್ತದೆ. ಇವೆರಡರ ನಡುವೆ ಮಾಡೆಲ್ ಯೋಚಿಸಲು ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಎಡಿಟರ್ ಮುಂದೆ ಕುಳಿತ ಸಹೋದ್ಯೋಗಿ ಇನ್ನೊಂದರ ಮೇಲೆ ಕ್ಲಿಕ್ ಮಾಡಿದರೆ ಆಯ್ಕೆ ಬದಲಾಯಿತು. ಎಡಿಟರ್‌ನಲ್ಲಿ ಆಯ್ಕೆ ಎನ್ನುವುದು ಎಲ್ಲರೂ ಹಂಚಿಕೊಳ್ಳುವ ಒಂದೇ ಒಂದು ಸ್ಥಿತಿ; ಅದನ್ನು ನಂಬಿಕೊಂಡ ಕಮಾಂಡನ್ನು ಇಬ್ಬರು ಒಟ್ಟಿಗೆ ಬಳಸಲಾಗುವುದಿಲ್ಲ.

ಒಂದೇ ಕೆಲಸ ಎರಡು ಸಲ ಆದದ್ದಕ್ಕೆ ನನ್ನ ಅನುಮಾನ ಡೈಲಾಗ್ ಮೇಲೆ. 'ಖಚಿತವೇ?' ಎಂದು ಕೇಳುವ ಡಿಸ್‌ಪ್ಲೇಡೈಲಾಗ್ ಯೂನಿಟಿಯ ಮುಖ್ಯ ಥ್ರೆಡ್ಡನ್ನು (ಎಡಿಟರ್‌ನ ಕೆಲಸ ಸಾಗುವ ಎಳೆಯನ್ನು) ಹಿಡಿದು ನಿಲ್ಲಿಸುತ್ತದೆ. ಏಜೆಂಟ್‌ಗೆ ಉತ್ತರ ಬರುವುದಿಲ್ಲ, ಕಾಯುವ ಅವಧಿ ಮುಗಿಯುತ್ತದೆ, ಅದು ಮತ್ತೊಮ್ಮೆ ಕೇಳುತ್ತದೆ. ಎರಡನೆಯ ಕೋರಿಕೆ ಸರತಿಯಲ್ಲಿ ಸೇರುತ್ತದೆ. ಚಹಾ ಮುಗಿಸಿ ಬಂದವರು ಪರದೆಯ ಮೇಲೆ ಡೈಲಾಗ್ ನೋಡಿ ಓಕೆ ಒತ್ತುತ್ತಾರೆ. ಒಂದು ಡೈಲಾಗ್ ಹೋಗಿ ಇನ್ನೊಂದು ಬರುತ್ತದೆ. ಅದಕ್ಕೂ ಓಕೆ.

ಸಿದ್ಧ ಮೆನು ಪಟ್ಟಿಯನ್ನು ಹಾಗೆಯೇ ಏಜೆಂಟ್‌ಗೆ ಒಪ್ಪಿಸುವ ಪ್ಯಾಕೇಜ್‌ಗಳು ಗಿಟ್‌ಹಬ್‌ನಲ್ಲಿ ಬೇಕಾದಷ್ಟಿವೆ. ಪ್ರದರ್ಶನದ ವಿಡಿಯೊಗಳಲ್ಲಿ ಅವು ಬಲು ಚೆಂದ ಕಾಣುತ್ತವೆ, ಏಕೆಂದರೆ ಆ ಸೀನ್‌ಗಳಲ್ಲಿ ಒಂದು ಘನ, ಒಂದು ಕ್ಯಾಮೆರಾ, ಒಂದು ದೀಪ ಬಿಟ್ಟರೆ ಬೇರೇನೂ ಇರುವುದಿಲ್ಲ.

ಹಾಗಾದರೆ ಮಾಡಬೇಕಾದ್ದು ಏನು? ಪ್ರತಿ ಕಮಾಂಡ್‌ನ ತಿರುಳನ್ನು ಮೆನುವಿನಿಂದ ಬಿಡಿಸಿ ಒಂದು ಸ್ವತಂತ್ರ ಮೆಥಡ್ ಆಗಿ ಬರೆಯಿರಿ. ಅದು ಆಯ್ಕೆಯನ್ನು ಓದಕೂಡದು, ಡೈಲಾಗ್ ತೋರಿಸಕೂಡದು, ಈಗ ಯಾವ ಸೀನ್ ತೆರೆದಿದೆ ಎಂದು ಊಹಿಸಕೂಡದು. ಬೇಕಾದ್ದೆಲ್ಲ ಹೊರಗಿನಿಂದ ಮೌಲ್ಯವಾಗಿ ಬರಬೇಕು, ಆದದ್ದೆಲ್ಲ ಒಂದು ವರದಿಯಾಗಿ ಹೊರಹೋಗಬೇಕು. ಹಳೆಯ ಮೆನು ಕಮಾಂಡ್ ಇನ್ನು ಮುಂದೆ ಆಯ್ಕೆಯನ್ನು ಓದಿ, ಡೈಲಾಗ್ ತೋರಿಸಿ, ಈ ಮೆಥಡ್ಡನ್ನು ಕರೆಯುವ ನಾಲ್ಕು ಸಾಲಿನ ಹೊದಿಕೆ ಮಾತ್ರ. ಏಜೆಂಟ್‌ನ ಟೂಲ್ ಇನ್ನೊಂದು ಹೊದಿಕೆ. ಕಲಾವಿದರಿಗೆ ಏನೂ ಬದಲಾದಂತೆ ಅನಿಸುವುದಿಲ್ಲ.

ಟೆಕ್ಸ್ಚರ್ ಗಾತ್ರದ ಕಮಾಂಡನ್ನೇ ತೆಗೆದುಕೊಳ್ಳಿ. ಹೊಸ ರೂಪದಲ್ಲಿ ಅದು ಫೋಲ್ಡರ್‌ನ ಹಾದಿ, ಪ್ಲಾಟ್‌ಫಾರ್ಮ್, ಗರಿಷ್ಠ ಗಾತ್ರ, ಜೊತೆಗೆ 'ಬರೀ ಲೆಕ್ಕ ಹೇಳು, ಮುಟ್ಟಬೇಡ' ಎಂಬ ಒಂದು ಸ್ವಿಚ್ ತೆಗೆದುಕೊಳ್ಳುತ್ತದೆ. ಆ ಸ್ವಿಚ್ ಪೂರ್ವನಿಯೋಜಿತವಾಗಿ ಆನ್ ಇರಲಿ. ವರದಿಯಲ್ಲಿ ಎಷ್ಟು ಟೆಕ್ಸ್ಚರ್ ನೋಡಿದೆ, ಯಾವುದರ ಗಾತ್ರ 2048ರಿಂದ 1024ಕ್ಕೆ ಇಳಿಯಿತು, ಯಾವುದನ್ನು ಏಕೆ ಬಿಟ್ಟೆ ಎಂಬುದು ಹಾದಿಯ ಸಮೇತ ಬರಲಿ. 'ಏಕೆ ಬಿಟ್ಟೆ' ಎಂಬ ಭಾಗವನ್ನು ಜನ ಬರೆಯುವುದೇ ಇಲ್ಲ, ಆದರೆ ಏಜೆಂಟ್‌ನ ಮುಂದಿನ ಹೆಜ್ಜೆಯನ್ನು ತೀರ್ಮಾನಿಸುವುದು ಅದೇ. ಲೈಟ್‌ಮ್ಯಾಪ್ (ಬೆಳಕನ್ನು ಮೊದಲೇ ಲೆಕ್ಕಹಾಕಿ ಇಟ್ಟ ಚಿತ್ರ) ಆದ್ದರಿಂದ ಬಿಟ್ಟೆ ಎಂದು ಓದಿದರೆ ಅದು ಮುಂದಕ್ಕೆ ಹೋಗುತ್ತದೆ. ಏನೂ ಹೇಳದಿದ್ದರೆ 'ಏಕೋ ಆಗಲಿಲ್ಲ' ಎಂದುಕೊಂಡು ಬೇರೆ ದಾರಿಯಲ್ಲಿ ಅದನ್ನೇ ಮಾಡಲು ಹೊರಡುತ್ತದೆ. ಆ ಬೇರೆ ದಾರಿ ಸಾಮಾನ್ಯವಾಗಿ ಮೆಟಾ ಕಡತವನ್ನು (ಟೆಕ್ಸ್ಚರ್‌ನಂಥ ಪ್ರತಿ ಕಡತದ ಜೊತೆ ಅದರ ಗುರುತು, ಸೆಟ್ಟಿಂಗ್ ಇಡುವ ಕಡತವನ್ನು) ನೇರವಾಗಿ ತಿದ್ದುವುದು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ನೂರಾರು ಅಸೆಟ್‌ಗಳನ್ನು (ಟೆಕ್ಸ್ಚರ್, ಪ್ರಿಫ್ಯಾಬ್‌ನಂಥ ಪ್ರಾಜೆಕ್ಟ್ ಕಡತಗಳನ್ನು) ಒಂದೇ ಸಲ ಮುಟ್ಟುವ ಕಮಾಂಡ್‌ಗಳಲ್ಲಿ ಅಸೆಟ್‌ಡೇಟಾಬೇಸ್‌ನ ಸ್ಟಾರ್ಟ್‌ಅಸೆಟ್‌ಎಡಿಟಿಂಗ್ ಮತ್ತು ಸ್ಟಾಪ್‌ಅಸೆಟ್‌ಎಡಿಟಿಂಗ್ ಬಳಸುತ್ತಿದ್ದರೆ, ಎರಡನೆಯದು ಫೈನಲಿ ಬ್ಲಾಕ್‌ನೊಳಗೆ ಇದೆಯೇ ಎಂದು ಇವತ್ತೇ ನೋಡಿ. ನಡುವೆ ಎಕ್ಸೆಪ್ಶನ್ ಬಂದು ಅದು ತಪ್ಪಿಹೋದರೆ ಎಡಿಟರ್ ಹೊಸ ಅಸೆಟ್‌ಗಳನ್ನು ಇಂಪೋರ್ಟ್ ಮಾಡುವುದನ್ನೇ ನಿಲ್ಲಿಸುತ್ತದೆ. ಎದುರಿಗೆ ಮನುಷ್ಯ ಇದ್ದರೆ ಎಡಿಟರ್ ಮುಚ್ಚಿ ತೆರೆಯುತ್ತಾನೆ. ಏಜೆಂಟ್ ಇದ್ದರೆ ಇಡೀ ಮಧ್ಯಾಹ್ನ ತನ್ನ ಕೋಡ್‌ನಲ್ಲಿ ಇಲ್ಲದ ತಪ್ಪನ್ನು ಹುಡುಕುತ್ತದೆ.

ಕೊಲೈಡರ್ ಕಮಾಂಡ್‌ನಂಥವನ್ನು ಎರಡು ಸಲ ಓಡಿಸಿದರೂ ಫಲ ಒಂದೇ ಆಗುವಂತೆ ಬರೆಯಬೇಕು. ಕೊಲೈಡರ್ ಈಗಾಗಲೇ ಇದ್ದರೆ ಮತ್ತೊಂದನ್ನು ಅಂಟಿಸದೆ 'ಇದೆ' ಎಂದು ವರದಿ ಮಾಡಲಿ. ಏಜೆಂಟ್‌ಗಳು ಮರುಪ್ರಯತ್ನ ಮಾಡಿಯೇ ಮಾಡುತ್ತವೆ. ಅದನ್ನು ತಡೆಯುವುದಕ್ಕಿಂತ ಅದರಿಂದ ಹಾನಿ ಆಗದಂತೆ ನೋಡಿಕೊಳ್ಳುವುದು ಸುಲಭ.

ಯಾವ ಆಬ್ಜೆಕ್ಟ್ ಎಂದು ಗುರುತಿಸುವುದು ಹೇಗೆ ಎಂಬ ಪ್ರಶ್ನೆಗೆ ಸ್ವಲ್ಪ ಹೊತ್ತು ಕೊಡಿ. ಹೆಸರು ಸಾಲದು. ಒಂದು ಸೀನ್‌ನಲ್ಲಿ ಒಂದೇ ಹೆಸರಿನ ಇಪ್ಪತ್ತು ಮರಗಳಿರುತ್ತವೆ, ಮೇಲಾಗಿ ಗೇಮ್‌ಆಬ್ಜೆಕ್ಟ್.ಫೈಂಡ್ ನಿಷ್ಕ್ರಿಯವಾಗಿರುವ ಆಬ್ಜೆಕ್ಟ್‌ಗಳನ್ನು ಹುಡುಕುವುದೇ ಇಲ್ಲ. ಇನ್‌ಸ್ಟನ್ಸ್ ಐಡಿಯನ್ನು ಎಡಿಟರ್ ಮುಚ್ಚಿ ತೆರೆದ ಮೇಲೆ ನಂಬುವಂತಿಲ್ಲ. ಅಸೆಟ್‌ಗಳಿಗೆ ಜಿಯುಐಡಿ (ಮೆಟಾ ಕಡತದಲ್ಲಿರುವ ಬದಲಾಗದ ಗುರುತು), ಉಳಿಸಿದ ಸೀನ್‌ನೊಳಗಿನ ಆಬ್ಜೆಕ್ಟ್‌ಗಳಿಗೆ ಗ್ಲೋಬಲ್‌ಆಬ್ಜೆಕ್ಟ್‌ಐಡಿ ಬಳಸಿ. ಏಜೆಂಟ್ ಹೈರಾರ್ಕಿಯ ಹಾದಿಯನ್ನು ಕೊಟ್ಟರೆ ಅದನ್ನೂ ಸ್ವೀಕರಿಸಿ, ಆದರೆ ಆ ಹಾದಿಗೆ ಎರಡು ಆಬ್ಜೆಕ್ಟ್ ಹೊಂದಿದರೆ ಮೊದಲನೆಯದನ್ನು ಎತ್ತಿಕೊಳ್ಳಬೇಡಿ. ದೋಷ ಹಿಂದಿರುಗಿಸಿ, ಜೊತೆಗೆ ಎರಡರ ಐಡಿಯನ್ನೂ ಅವು ಇರುವ ಸ್ಥಾನವನ್ನೂ ಕೊಡಿ. ಏಜೆಂಟ್‌ಗಳು ಇಂಥ ದೋಷ ಸಂದೇಶವನ್ನು ಓದಿ ತಮ್ಮನ್ನು ತಿದ್ದಿಕೊಳ್ಳುವುದರಲ್ಲಿ ನಿಜವಾಗಿಯೂ ಚುರುಕು. 'ನಲ್ ರೆಫರೆನ್ಸ್' ಎಂದಷ್ಟೇ ಕೊಟ್ಟರೆ ಆ ಚುರುಕುತನ ವ್ಯರ್ಥ.

ಇನ್ನು ಸಂಪರ್ಕ ಕಡಿಯುವ ವಿಷಯ. ಇದು ಯೂನಿಟಿಯ ಸ್ವಭಾವ. ಸ್ಕ್ರಿಪ್ಟ್ ಬದಲಾಗಿ ಕಂಪೈಲ್ ಆದಾಗ ಎಡಿಟರ್ ಡೊಮೇನ್ ರೀಲೋಡ್ ಮಾಡುತ್ತದೆ: ಸಿ ಶಾರ್ಪ್ ಬದಿಯ ಎಲ್ಲ ಸ್ಟ್ಯಾಟಿಕ್ ಮೌಲ್ಯಗಳೂ ಅಳಿಯುತ್ತವೆ, ನೀವು ತೆರೆದಿದ್ದ ಥ್ರೆಡ್ ಮತ್ತು ಸಾಕೆಟ್‌ಗಳು (ಸಂದೇಶ ಸಾಗುವ ಸಂಪರ್ಕಗಳು) ಹೋಗುತ್ತವೆ. ಆದ್ದರಿಂದ ಏಜೆಂಟ್ ಜೊತೆ ಮಾತಾಡುವ ಸರ್ವರ್ ಯೂನಿಟಿಯ ಹೊರಗೆ ಪ್ರತ್ಯೇಕ ಪ್ರೊಸೆಸ್ ಆಗಿ ಇರಬೇಕು. ನಿಮ್ಮದು ಪೈಥಾನ್‌ನಲ್ಲಿದೆ, ಹಾಗಾಗಿ ಅರ್ಧ ಕೆಲಸ ಆಗಿದೆ. ಯೂನಿಟಿಯೊಳಗಿನ ತುಂಡಿಗೆ ಇನಿಷಿಯಲೈಸ್‌ಆನ್‌ಲೋಡ್ ಗುರುತು ಹಾಕಿದರೆ ಪ್ರತಿ ರೀಲೋಡ್ ನಂತರ ಅದು ತಾನಾಗಿ ಎದ್ದು ಮತ್ತೆ ಸಂಪರ್ಕ ಹಿಡಿಯುತ್ತದೆ. ಅಸೆಂಬ್ಲಿರೀಲೋಡ್‌ಈವೆಂಟ್ಸ್‌ನಲ್ಲಿ ರೀಲೋಡ್‌ಗೆ ಮುಂಚೆ ಬರುವ ಸೂಚನೆಯಿದೆ; ಅದು ಬಂದಾಗ 'ರೀಲೋಡ್ ಆಗುತ್ತಿದೆ, ಕಾಯಿರಿ' ಎಂದು ಪೈಥಾನ್ ಬದಿಗೆ ತಿಳಿಸಿ, ಕೈಯಲ್ಲಿರುವ ಕೆಲಸದ ಗುರುತನ್ನು ಸೆಷನ್‌ಸ್ಟೇಟ್‌ನಲ್ಲಿ ಇಡಿ. ಸೆಷನ್‌ಸ್ಟೇಟ್ ರೀಲೋಡ್ ದಾಟಿ ಉಳಿಯುತ್ತದೆ. ಪೈಥಾನ್ ಸರ್ವರ್ ಆ ಹೊತ್ತಿನಲ್ಲಿ ಬಂದ ಕೋರಿಕೆಗಳನ್ನು ಹಿಡಿದಿಟ್ಟುಕೊಂಡು, ಎಡಿಟರ್ ಮರಳಿದ ಮೇಲೆ ಒಪ್ಪಿಸುತ್ತದೆ.

ಯೂನಿಟಿಯ ಎಪಿಐಗಳಲ್ಲಿ ಬಹುಪಾಲು ಮುಖ್ಯ ಥ್ರೆಡ್‌ನಿಂದ ಮಾತ್ರ ಕರೆಯಬಹುದಾದವು ಎಂಬುದು ನಿಮಗೆ ಗೊತ್ತಿರುತ್ತದೆ. ಸಾಕೆಟ್ ಓದುವ ಥ್ರೆಡ್ ಬಂದದ್ದನ್ನು ಸರತಿಗೆ ಹಾಕಲಿ, ಎಡಿಟರ್‌ಅಪ್ಲಿಕೇಶನ್.ಅಪ್‌ಡೇಟ್ ಅದನ್ನು ಒಂದೊಂದಾಗಿ ತೆಗೆದು ಓಡಿಸಲಿ.

ಇಲ್ಲೇ ಒಂದು ಬಲೆ ಇದೆ, ಹೆಚ್ಚಿನವರು ಅದಕ್ಕೆ ಬೀಳುತ್ತಾರೆ. ಏಜೆಂಟ್ ಡಿಸ್ಕ್‌ನಲ್ಲಿ ಕಡತ ಬರೆದರೆ ಯೂನಿಟಿಗೆ ಅದು ಕೂಡಲೇ ಗೊತ್ತಾಗುವುದಿಲ್ಲ. ಎಡಿಟರ್ ಕಿಟಕಿ ಮತ್ತೆ ಮುನ್ನೆಲೆಗೆ ಬಂದಾಗ ಅದು ಕಡತಗಳನ್ನು ನೋಡುತ್ತದೆ. ಹಾಗಾಗಿ ಅಸೆಟ್‌ಡೇಟಾಬೇಸ್.ರಿಫ್ರೆಶ್ ಕರೆಯುವ ಒಂದು ಟೂಲ್ ಬೇಕು. ಅದು ಅಲ್ಲಿಗೇ ಮುಗಿಯಕೂಡದು. ಕಂಪೈಲ್ ದೋಷ ಇದ್ದರೆ ಯೂನಿಟಿ ಹೊಸ ಅಸೆಂಬ್ಲಿಯನ್ನು (ಕಂಪೈಲ್ ಆದ ಕೋಡ್‌ನ ಕಟ್ಟನ್ನು) ಒಳಗೆ ತೆಗೆದುಕೊಳ್ಳುವುದಿಲ್ಲ, ಹಳೆಯ ಕೋಡ್ ಹಾಗೇ ಓಡುತ್ತಿರುತ್ತದೆ. ಏಜೆಂಟ್ ತಾನು ತಿದ್ದಿದ ಕಮಾಂಡನ್ನು ಕರೆಯುತ್ತದೆ, ಹಳೆಯ ಕಮಾಂಡ್ ಓಡುತ್ತದೆ, ಫಲಿತಾಂಶ ಹಳೆಯದೇ ಬರುತ್ತದೆ, ಅದು ಸರಿಯಾಗಿದ್ದ ತಿದ್ದುಪಡಿಯನ್ನು ಮತ್ತೆ ತಿದ್ದಲು ಹೊರಡುತ್ತದೆ. ಇದನ್ನು ತಪ್ಪಿಸಲು ರಿಫ್ರೆಶ್ ಟೂಲ್ ಕಂಪೈಲೇಶನ್‌ಪೈಪ್‌ಲೈನ್ ಕೊಡುವ ದೋಷ ಸಂದೇಶಗಳನ್ನು ಕಡತ, ಸಾಲಿನ ಸಂಖ್ಯೆಯೊಂದಿಗೆ ಹಿಂದಿರುಗಿಸಬೇಕು, ದೋಷ ಇರುವವರೆಗೆ ಉಳಿದ ಯಾವ ಬರೆಯುವ ಟೂಲೂ ಓಡಕೂಡದು. ನಿಮ್ಮ ಕೊಂಡಿಯ ಕೋಡ್‌ಗೆ ಅದರದೇ ಆದ ಅಸೆಂಬ್ಲಿ ಡೆಫಿನಿಶನ್ ಕೊಡಿ. ಗೇಮ್ ಕೋಡ್ ಜೊತೆ ಒಂದೇ ಅಸೆಂಬ್ಲಿಯಲ್ಲಿ ಇಟ್ಟರೆ, ದೋಷ ಇರುವ ಸ್ಥಿತಿಯಲ್ಲಿ ಎಡಿಟರ್ ಮತ್ತೆ ತೆರೆದಾಗ ಕೊಂಡಿಯೂ ಏಳುವುದಿಲ್ಲ. ದೋಷ ಸರಿಪಡಿಸಬೇಕಾದ ಏಜೆಂಟ್ ಬಾಗಿಲ ಹೊರಗೆ ನಿಂತಿರುತ್ತದೆ.

ದೀರ್ಘ ಕೆಲಸಗಳಿಗೆ, ಉದಾಹರಣೆಗೆ ಲೈಟ್ ಬೇಕಿಂಗ್ ಅಥವಾ ಬಿಲ್ಡ್‌ಗೆ, ಕೆಲಸ ಆರಂಭಿಸಿ ಗುರುತು ಕೊಡುವ ಒಂದು ಟೂಲ್, ಆ ಗುರುತಿನಿಂದ ಸ್ಥಿತಿ ಕೇಳುವ ಇನ್ನೊಂದು ಟೂಲ್ ಮಾಡಿ. ಒಂದೇ ಕರೆಯಲ್ಲಿ ಹತ್ತು ನಿಮಿಷ ಕಾಯಿಸಬೇಡಿ.

ನಲವತ್ತು ಟೂಲ್‌ಗಳೂ ಬೇಕೆ? ಬೇಡ ಎನ್ನುತ್ತೇನೆ. ಪ್ರತಿ ಟೂಲ್‌ನ ಹೆಸರು, ವಿವರಣೆ, ನಮೂನೆ ಎಲ್ಲವೂ ಸಾಮಾನ್ಯವಾಗಿ ಮಾಡೆಲ್‌ನ ಕಣ್ಣ ಮುಂದೆ ಪ್ರತಿ ಸಂಭಾಷಣೆಯಲ್ಲೂ ಇರುತ್ತವೆ. 'ಕೊಲೈಡರ್ ಸರಿಪಡಿಸು', 'ಕೊಲೈಡರ್ ಸೇರಿಸು', 'ಕೊಲೈಡರ್ ಸೇರಿಸು ಹೊಸದು' ಎಂಬ ಮೂರು ಮೆನುಗಳು ನಿಮ್ಮಲ್ಲೂ ಇರಬೇಕು; ಯಾವುದು ಬಳಕೆಯಲ್ಲಿದೆ ಎಂಬುದು ಬರೆದವರ ತಲೆಯಲ್ಲಿ ಮಾತ್ರ ಇರುತ್ತದೆ. ವಾರದಲ್ಲಿ ಒಮ್ಮೆಯಾದರೂ ಬಳಸುವ ಎಂಟು ಹತ್ತು ಕಮಾಂಡ್ ಆರಿಸಿ, ಅವನ್ನು ಮಾತ್ರ ಮೇಲೆ ಹೇಳಿದಂತೆ ತಿದ್ದಿ ಕೊಡಿ. ಅವುಗಳಿಗಿಂತ ಮೊದಲು ಓದುವ ಟೂಲ್‌ಗಳನ್ನು ಬರೆಯಿರಿ: ಹೈರಾರ್ಕಿಯ ಒಂದು ಭಾಗ ಕೊಡುವುದು, ಒಂದು ಕಾಂಪೊನೆಂಟ್‌ನ ಮೌಲ್ಯಗಳನ್ನು ಕೊಡುವುದು, ಕನ್ಸೋಲ್‌ನ ಇತ್ತೀಚಿನ ಸಾಲುಗಳನ್ನು ಕೊಡುವುದು, ಸೀನ್ ಕಿಟಕಿಯ ಒಂದು ಚಿತ್ರ ಕೊಡುವುದು. ಬದಲಾವಣೆಯ ನಂತರ ಏಜೆಂಟ್ ಇವುಗಳಿಂದ ತಾನೇ ಪರೀಕ್ಷಿಸಿಕೊಳ್ಳಬಹುದು. ಹೈರಾರ್ಕಿಯನ್ನು ಪೂರ್ತಿಯಾಗಿ ಒಂದೇ ಸಲ ಸುರಿಯಬೇಡಿ. ಆಳದ ಮಿತಿ, ಪುಟದ ಮಿತಿ ಇರಲಿ.

'ಯಾವ ಸಿ ಶಾರ್ಪ್ ಕೋಡ್ ಕೊಟ್ಟರೂ ಓಡಿಸು' ಎಂಬ ಒಂದೇ ಟೂಲ್ ಇಟ್ಟರೆ ಉಳಿದದ್ದು ಯಾವುದೂ ಬೇಡವಲ್ಲ ಎಂದು ನಿಮ್ಮಲ್ಲಿ ಯಾರಾದರೂ ವಾದಿಸುತ್ತಾರೆ. ಆ ವಾದದಲ್ಲಿ ಹುರುಳಿದೆ. ಯಾರೂ ಮೊದಲೇ ಯೋಚಿಸದ ಪ್ರಶ್ನೆ ಬಂದಾಗ, ಅಂದರೆ ಈ ಶೇಡರ್ ಬಳಸುವ ಮೆಟೀರಿಯಲ್‌ಗಳು ಎಷ್ಟು ಸೀನ್‌ಗಳಲ್ಲಿವೆ ಎಂಬಂಥದ್ದು ಬಂದಾಗ, ಹತ್ತು ಸಾಲಿನ ಕೋಡ್ ಓಡಿಸುವುದೇ ಸರಿಯಾದ ದಾರಿ. ಆದರೆ ಆ ಟೂಲ್‌ಗೆ ಇಡೀ ಪ್ರಾಜೆಕ್ಟ್ ಅಳಿಸುವ ಶಕ್ತಿಯೂ ಇದೆ, ನಿಮ್ಮ ಕಂಪ್ಯೂಟರ್‌ನ ಬೇರೆ ಕಡತಗಳನ್ನು ಓದುವ ಶಕ್ತಿಯೂ ಇದೆ. ಅದನ್ನು ಪ್ರಾಜೆಕ್ಟ್‌ನ ಪ್ರತ್ಯೇಕ ಪ್ರತಿಯಲ್ಲಿ, ಪ್ರತಿ ಸಲ ಮನುಷ್ಯನ ಒಪ್ಪಿಗೆಯೊಂದಿಗೆ ಮಾತ್ರ ಬಿಡಿ. ಒಂದೇ ಬಗೆಯ ಕೋಡ್ ಮತ್ತೆ ಮತ್ತೆ ಬರುತ್ತಿದೆ ಅನಿಸಿದರೆ ಅದನ್ನು ಸರಿಯಾದ ಟೂಲ್ ಮಾಡುವ ಹೊತ್ತು ಬಂದಿದೆ ಎಂದರ್ಥ.

ಎಂಸಿಪಿಯಲ್ಲಿ ಟೂಲ್‌ಗೆ 'ಓದುತ್ತದೆ ಅಷ್ಟೆ', 'ಹಾನಿ ಮಾಡಬಲ್ಲದು' ಎಂಬ ಸೂಚನೆಗಳನ್ನು ಅಂಟಿಸಬಹುದು. ಅಂಟಿಸಿ, ಏಜೆಂಟ್‌ನ ತಂತ್ರಾಂಶ ಅದನ್ನು ನೋಡಿ ಒಪ್ಪಿಗೆ ಕೇಳಬಹುದು. ಹೆಸರೇ ಹೇಳುವಂತೆ ಅವು ಸೂಚನೆಗಳು, ಬೀಗವಲ್ಲ. ಬೀಗ ನಿಮ್ಮ ಸಿ ಶಾರ್ಪ್ ಮೆಥಡ್‌ನೊಳಗೆ ಇರಬೇಕು. ಯಾವ ಫೋಲ್ಡರ್‌ನ ಹೊರಗೆ ಬರೆಯಬಾರದು ಎಂಬುದನ್ನು ಅಲ್ಲೇ ತಡೆಯಿರಿ. ಪ್ಲೇ ಮೋಡ್ ನಡೆಯುತ್ತಿದ್ದರೆ ಬರೆಯುವ ಟೂಲ್‌ಗಳು ನಿರಾಕರಿಸಲಿ: ಆ ಹೊತ್ತಿನಲ್ಲಿ ಸೀನ್‌ಗೆ ಮಾಡಿದ ಬದಲಾವಣೆ ಪ್ಲೇ ನಿಲ್ಲಿಸಿದ ಕೂಡಲೇ ಮಾಯವಾಗುತ್ತದೆ, ಮೆಟೀರಿಯಲ್‌ನಂಥ ಅಸೆಟ್‌ಗಳಿಗೆ ಮಾಡಿದ್ದು ಮಾತ್ರ ಉಳಿಯುತ್ತದೆ. ಅರ್ಧ ಉಳಿದು ಅರ್ಧ ಹೋದ ಬದಲಾವಣೆಗಿಂತ ಕೆಟ್ಟದ್ದು ಬೇರೆ ಇಲ್ಲ. ಸಾಕೆಟ್ 127.0.0.1ಕ್ಕೆ, ಅಂದರೆ ಇದೇ ಕಂಪ್ಯೂಟರ್‌ಗೆ, ಮಾತ್ರ ಕಿವಿಗೊಡಲಿ, ಕಚೇರಿಯ ಇಡೀ ಜಾಲಕ್ಕಲ್ಲ. ಎಚ್‌ಟಿಟಿಪಿ ಬಳಸುತ್ತಿದ್ದರೆ ಒರಿಜಿನ್ ಹೆಡರ್ ಪರೀಕ್ಷಿಸಿ. ಬ್ರೌಸರ್‌ನಲ್ಲಿ ತೆರೆದ ಯಾವುದೋ ಪುಟ ನಿಮ್ಮ ಎಡಿಟರ್‌ಗೆ ಆಜ್ಞೆ ಕೊಡುವಂತಾಗಬಾರದು.

ಹಿಂದಕ್ಕೆ ಹೋಗುವ ದಾರಿಯ ಮಾತು. ಸೀನ್‌ನೊಳಗಿನ ಬದಲಾವಣೆಗಳಿಗೆ ಯೂನಿಟಿಯ ಅಂಡೂ ವ್ಯವಸ್ಥೆಯನ್ನು ಕಡ್ಡಾಯ ಮಾಡಿ. ರೆಕಾರ್ಡ್‌ಆಬ್ಜೆಕ್ಟ್, ರಿಜಿಸ್ಟರ್‌ಕ್ರಿಯೇಟೆಡ್‌ಆಬ್ಜೆಕ್ಟ್‌ಅಂಡೂ, ಡಿಸ್ಟ್ರಾಯ್‌ಆಬ್ಜೆಕ್ಟ್‌ಇಮ್ಮೀಡಿಯೇಟ್ ಈ ಮೂರು ಗೊತ್ತಿದ್ದರೆ ಹೆಚ್ಚಿನದು ಆಯಿತು. ಒಂದು ಟೂಲ್ ಕರೆಯಲ್ಲಿ ಆದ ನೂರು ಬದಲಾವಣೆಗಳನ್ನು ಕೊಲ್ಯಾಪ್ಸ್‌ಅಂಡೂಆಪರೇಶನ್ಸ್ ಬಳಸಿ ಒಂದೇ ಹೆಜ್ಜೆಯಾಗಿ ಮಡಚಿ, ಅದಕ್ಕೆ ಏಜೆಂಟ್‌ನದು ಎಂದು ಗೊತ್ತಾಗುವ ಹೆಸರು ಕೊಡಿ. ಕಲಾವಿದರು ಕಂಟ್ರೋಲ್ ಝಡ್ ಒತ್ತಿದರೆ ಏಜೆಂಟ್ ಮಾಡಿದ್ದು ಪೂರ್ತಿ ಹಿಂದೆ ಹೋಗಬೇಕು, ತುಣುಕು ತುಣುಕಾಗಿ ಅಲ್ಲ. ಆದರೆ ಅಂಡೂಗೆ ಮಿತಿಯಿದೆ. ಡಿಲೀಟ್‌ಅಸೆಟ್ ಅಳಿಸಿದ ಕಡತವನ್ನು ಅದು ಮರಳಿಸುವುದಿಲ್ಲ. ಅಳಿಸಲೇಬೇಕಾದರೆ ಮೂವ್‌ಅಸೆಟ್‌ಟುಟ್ರ್ಯಾಶ್ ಬಳಸಿ, ಕಸದ ಬುಟ್ಟಿಯಿಂದಾದರೂ ತೆಗೆಯಬಹುದು. ಟೆಕ್ಸ್ಚರ್ ಇಂಪೋರ್ಟರ್ ಬದಲಾವಣೆಯನ್ನು ಉಳಿಸಿ ಮರುಇಂಪೋರ್ಟ್ ಮಾಡಿದ ಮೇಲೆ ಅಂಡೂ ಮೇಲೆ ಭರವಸೆ ಇಡಬೇಡಿ. ಅಲ್ಲಿ ನಿಮ್ಮನ್ನು ಕಾಯುವುದು ಗಿಟ್ (ಕಡತಗಳ ಹಳೆಯ ಆವೃತ್ತಿಗಳನ್ನು ಕಾಪಾಡುವ ವ್ಯವಸ್ಥೆ). ಗಿಟ್‌ಗೆ ಕಮಿಟ್ ಮಾಡದ ಬದಲಾವಣೆಗಳಿದ್ದರೆ ದೊಡ್ಡ ಟೂಲ್‌ಗಳು ಓಡುವುದೇ ಬೇಡ. ಅಸೆಟ್ ಸೀರಿಯಲೈಸೇಶನ್ ಫೋರ್ಸ್ ಟೆಕ್ಸ್ಟ್ ಎಂದಿದ್ದರೆ ಸೀನ್ ಮತ್ತು ಪ್ರಿಫ್ಯಾಬ್‌ಗಳ ಡಿಫ್ (ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ) ಓದಬಹುದು, ಏಜೆಂಟ್‌ಗೂ ಓದಿಸಬಹುದು.

ಓದಿಸಬಹುದು ಎಂದೆ, ತಿದ್ದಿಸಬಹುದು ಎನ್ನಲಿಲ್ಲ. ಸೀನ್ ಕಡತಗಳು ಯಾಮಲ್ ಪಠ್ಯವಾಗಿರುವುದರಿಂದ ಏಜೆಂಟ್‌ಗಳಿಗೆ ಅವನ್ನು ನೇರವಾಗಿ ತಿದ್ದುವ ಆಸೆ ಬಹಳ. ಫೈಲ್‌ಐಡಿ (ಕಡತದೊಳಗೆ ಆಬ್ಜೆಕ್ಟ್‌ನ ಗುರುತು) ಒಂದು ತಪ್ಪಿದರೂ ಆಬ್ಜೆಕ್ಟ್‌ಗಳ ನಡುವಿನ ಕೊಂಡಿ ಹರಿಯುತ್ತದೆ. ಮೆಟಾ ಕಡತವನ್ನು ಜೊತೆಗೆ ಒಯ್ಯದೆ ಅಸೆಟ್ ಒಂದನ್ನೇ ಬೇರೆ ಫೋಲ್ಡರ್‌ಗೆ ಸರಿಸಿದರೆ ಯೂನಿಟಿ ಅದಕ್ಕೆ ಹೊಸ ಜಿಯುಐಡಿ ಕೊಡುತ್ತದೆ, ಹಳೆಯದನ್ನು ನಂಬಿದ್ದ ಎಲ್ಲ ಕಡೆ 'ಮಿಸ್ಸಿಂಗ್' ಕಾಣಿಸುತ್ತದೆ. ಸೀನ್, ಪ್ರಿಫ್ಯಾಬ್, ಮೆಟಾ ಈ ಮೂರು ಬಗೆಯ ಕಡತಗಳಿಗೆ ಏಜೆಂಟ್‌ನ ಕಡತ ತಿದ್ದುವ ಅನುಮತಿಯನ್ನೇ ತೆಗೆದುಬಿಡಿ. ಸರಿಸಬೇಕಾದರೆ ಅಸೆಟ್‌ಡೇಟಾಬೇಸ್.ಮೂವ್‌ಅಸೆಟ್ ಕರೆಯುವ ಟೂಲ್ ಇರಲಿ.

ಒಂದು ಕಿವಿಮಾತು, ಕೇಳದಿದ್ದರೂ ಹೇಳುತ್ತೇನೆ. ನಿಮ್ಮ ಪಟ್ಟಿಯಲ್ಲಿರುವ ಸೀನ್ ತಪಾಸಣೆಗೆ ಏಜೆಂಟ್ ಬೇಕಾಗಿಯೇ ಇಲ್ಲ. ಯೂನಿಟಿಯನ್ನು ಬ್ಯಾಚ್‌ಮೋಡ್‌ನಲ್ಲಿ (ಕಿಟಕಿ ಇಲ್ಲದೆ) ತೆರೆದು ಎಕ್ಸಿಕ್ಯೂಟ್‌ಮೆಥಡ್ ಆಯ್ಕೆಯಿಂದ ಆ ಸ್ಟ್ಯಾಟಿಕ್ ಮೆಥಡ್ಡನ್ನು ರಾತ್ರಿ ಓಡಿಸಿ, ತಪ್ಪು ಸಿಕ್ಕರೆ ಸೊನ್ನೆಯಲ್ಲದ ಎಕ್ಸಿಟ್ ಕೋಡ್ ಕೊಟ್ಟು ಬಿಲ್ಡ್ ನಿಲ್ಲಿಸಿ. ಪ್ರತಿದಿನ ಒಂದೇ ರೀತಿ ನಡೆಯಬೇಕಾದ ಕೆಲಸವನ್ನು ಪ್ರತಿದಿನ ಹೊಸದಾಗಿ ಯೋಚಿಸುವ ಯಂತ್ರಕ್ಕೆ ಕೊಟ್ಟು ಹಣ ಕಳೆಯುವುದರಲ್ಲಿ ಅರ್ಥವಿಲ್ಲ. ಬೆಳಿಗ್ಗೆ ಆ ವರದಿ ಓದಿ ಯಾವುದನ್ನು ಹೇಗೆ ಸರಿಪಡಿಸಬೇಕು ಎಂದು ಯೋಚಿಸಲು ಏಜೆಂಟ್ ಕರೆಯಿರಿ. ನೆನಪಿಡಿ, ಎಡಿಟರ್‌ನಲ್ಲಿ ತೆರೆದಿರುವ ಪ್ರಾಜೆಕ್ಟನ್ನು ಎರಡನೆಯ ಯೂನಿಟಿ ತೆರೆಯಲು ಬಿಡುವುದಿಲ್ಲ. ರಾತ್ರಿಯ ಓಟಕ್ಕೆ ಬೇರೆ ಪ್ರತಿ ಬೇಕು, ಅದರ ಲೈಬ್ರರಿ ಫೋಲ್ಡರ್ ಮೊದಲ ಸಲ ತಯಾರಾಗಲು ಹೊತ್ತು ಹಿಡಿಯುತ್ತದೆ.

ಎಂಜಿನ್ ಬದಲಿಸುವ ಮಾತಿಗೆ ಹೆಚ್ಚು ಸಾಲು ಬೇಡ. ಅನ್‌ರಿಯಲ್‌ನಲ್ಲಿ ಎಡಿಟರ್ ಪೈಥಾನ್ ಇದೆ, ಅಂಡೂಗೆ ಸ್ಕೋಪ್ಡ್‌ಎಡಿಟರ್‌ಟ್ರಾನ್ಸಾಕ್ಷನ್ ಇದೆ, ರಿಮೋಟ್ ಕಂಟ್ರೋಲ್ ಎಂಬ ಸಿದ್ಧ ಎಚ್‌ಟಿಟಿಪಿ ಸೌಲಭ್ಯ ಇದೆ. ಸಿ ಶಾರ್ಪ್ ಡೊಮೇನ್ ರೀಲೋಡ್‌ನ ಕಾಟ ಅಲ್ಲಿಲ್ಲ. ಆದರೆ ಅದರ ಅಸೆಟ್ ಕಡತಗಳು ಬೈನರಿ, ಡಿಫ್ ಓದುವ ಸುಖ ಇಲ್ಲ. ಬ್ಲೂಪ್ರಿಂಟ್‌ನ (ಅದರ ಚಿತ್ರರೂಪದ ಕೋಡ್‌ನ) ಗ್ರಾಫ್‌ಗಳನ್ನು ಪೈಥಾನ್‌ನಿಂದ ಕಟ್ಟುವುದು ತೊಡಕಿನ ಕೆಲಸ. ಗೋಡಾಟ್‌ನ ಸೀನ್ ಕಡತಗಳು ಮನುಷ್ಯರೂ ಓದಬಹುದಾದಷ್ಟು ಸರಳ, ಏಜೆಂಟ್‌ಗಳು ಅವನ್ನು ನೇರವಾಗಿ ತಿದ್ದಿದರೂ ಹೆಚ್ಚಾಗಿ ನಡೆಯುತ್ತದೆ, ಅದೇ ಸೀನ್ ಎಡಿಟರ್‌ನಲ್ಲಿ ತೆರೆದಿಲ್ಲದಿದ್ದರೆ. ಆದರೂ ಆಯ್ಕೆಯನ್ನು ನಂಬುವ, ಡೈಲಾಗ್ ತೋರಿಸುವ, ವರದಿ ಕೊಡದ ಕಮಾಂಡ್‌ಗಳನ್ನು ನೀವು ಅಲ್ಲಿಯೂ ಬರೆದರೆ ಅಲ್ಲಿಯೂ ಇದೇ ಪತ್ರ ಬರೆಯಬೇಕಾಗುತ್ತದೆ.

ಕೊನೆಗೆ ಕನ್ನಡ ಹೆಸರುಗಳು. ಸಂದೇಶ ಎಲ್ಲಿ ಒಡೆಯುತ್ತಿದೆ ಎಂಬುದನ್ನು ಅದು ಒಡೆದ ರೀತಿಯೇ ಹೇಳುತ್ತದೆ. ಅಕ್ಷರಗಳ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ ಸಿ ಶಾರ್ಪ್ ಬದಿಯಲ್ಲಿ ಎಲ್ಲೋ ಎನ್‌ಕೋಡಿಂಗ್.ಆಸ್ಕಿ ಉಳಿದಿದೆ, ಯುಟಿಎಫ್8 ಮಾಡಿ. ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಬಂದರೆ ಅಥವಾ ಪೈಥಾನ್ ಎನ್‌ಕೋಡ್ ದೋಷ ಎಂದು ಬಿದ್ದರೆ, ವಿಂಡೋಸ್‌ನಲ್ಲಿ ಪೈಥಾನ್ ಪೈಪ್‌ಗಳಿಗೆ ಹಳೆಯ ಕೋಡ್ ಪೇಜ್ ಬಳಸುತ್ತಿದೆ. ಪೈಥಾನ್‌ಯುಟಿಎಫ್8 ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಟ್ಟು ಓಡಿಸಿ. ಇಂಗ್ಲಿಷ್ ಹೆಸರುಗಳಿಗೆ ಸರಿಯಾಗಿ ನಡೆದು ಕನ್ನಡ ಬಂದಾಗ ಮಾತ್ರ ಸಂದೇಶದ ಬಾಲ ಕತ್ತರಿಸಿದಂತಾದರೆ, ನೀವು ಸಂದೇಶದ ಉದ್ದವನ್ನು ಬೈಟ್‌ಗಳಲ್ಲಿ ಅಲ್ಲ, ಅಕ್ಷರಗಳಲ್ಲಿ ಎಣಿಸುತ್ತಿದ್ದೀರಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಅಕ್ಷರವೂ ಮೂರು ಬೈಟ್ ಹಿಡಿಯುತ್ತದೆ. 'ಮರ' ಎಂಬುದಕ್ಕೆ ಸಿ ಶಾರ್ಪ್‌ನ ಲೆಂತ್ 2 ಎನ್ನುತ್ತದೆ, ಸಾಕೆಟ್‌ನಲ್ಲಿ ಹೋಗುವುದು 6 ಬೈಟ್. ಉದ್ದನೆಯ ಸಂದೇಶದ ನಡುವೆ ಎಲ್ಲೋ ಒಂದು ಅಕ್ಷರ ಮಾತ್ರ ಕೆಡುತ್ತಿದ್ದರೆ, ಸಾಕೆಟ್‌ನಿಂದ ಬಂದ ಪ್ರತಿ ತುಂಡನ್ನೂ ಬಂದಂತೆಯೇ ಡಿಕೋಡ್ ಮಾಡುತ್ತಿದ್ದೀರಿ, ತುಂಡಿನ ಅಂಚಿನಲ್ಲಿ ಅಕ್ಷರದ ಮೂರು ಬೈಟ್ ಇಬ್ಭಾಗವಾಗುತ್ತಿದೆ. ಸಂದೇಶದ ಎಲ್ಲ ಬೈಟ್‌ಗಳೂ ಸೇರಿದ ಮೇಲೆ ಒಮ್ಮೆಗೇ ಡಿಕೋಡ್ ಮಾಡಿ. ಜೊತೆಗೆ ಪೈಥಾನ್ ಕೋಡ್‌ನಲ್ಲಿ ದೋಷ ಹುಡುಕಲು ಹಾಕಿದ ಪ್ರಿಂಟ್ ಸಾಲುಗಳಿದ್ದರೆ ಎಲ್ಲವನ್ನೂ ಎಸ್‌ಟಿಡಿಇಆರ್‌ಆರ್ (ದೋಷ ಸಂದೇಶಗಳ ಹೊರದಾರಿ) ಕಡೆಗೆ ತಿರುಗಿಸಿ. ಎಸ್‌ಟಿಡಿಐಒ (ಪ್ರೋಗ್ರಾಂನ ಸಾಮಾನ್ಯ ಇನ್‌ಪುಟ್, ಔಟ್‌ಪುಟ್) ಮೂಲಕ ನಡೆಯುವ ಎಂಸಿಪಿ ಸರ್ವರ್‌ನಲ್ಲಿ ಔಟ್‌ಪುಟ್ ಎನ್ನುವುದು ಜೇಸನ್ ಸಂದೇಶಗಳಿಗೇ ಮೀಸಲು, ಅಲ್ಲಿ ಒಂದು ಹೆಚ್ಚಿನ ಸಾಲು ಬಿದ್ದರೂ ಕನ್ನಡವಿರಲಿ ಇಂಗ್ಲಿಷ್ ಇರಲಿ ಸಂಭಾಷಣೆ ಕೆಡುತ್ತದೆ.